ಅಂಟು, ಬಣ್ಣ, ರೆಕ್ಕೆ: ಮಾದರಿ ವಿಮಾನ ಕಟ್ಟುವವರ ಪ್ರಶ್ನೋತ್ತರ

ಎರಡನೇ ಮಹಾಯುದ್ಧದ ವಿಮಾನಗಳ ಪ್ಲಾಸ್ಟಿಕ್ ಕಿಟ್ ಕಟ್ಟುವ ಓದುಗರ ಪ್ರಶ್ನೆಗಳು ಈ ಸಲ ಹೆಚ್ಚಾಗಿ ಬರ್ಮಾ ರಂಗದ ಸುತ್ತಲೇ ಇವೆ. ಹರಿಕೇನ್ ಎಂಬ ಬ್ರಿಟಿಷ್ ಫೈಟರ್ ವಿಮಾನದ ಬಗ್ಗೆ ಒಂದಕ್ಕಿಂತ ಹೆಚ್ಚು ಪತ್ರ ಬಂದಿದ್ದರಿಂದ ಅವನ್ನೆಲ್ಲ ಒಂದೇ ಉತ್ತರದಲ್ಲಿ ಸೇರಿಸಿದ್ದೇವೆ.

ಪ್ರಶ್ನೆ: ಮೊದಲ ಸಲ ಕಿಟ್ ಕೊಳ್ಳುತ್ತಿದ್ದೇನೆ. 1/72 ಅಳತೆ ಒಳ್ಳೆಯದೋ 1/48 ಒಳ್ಳೆಯದೋ? ಏನೇನು ಸಾಮಾನು ಬೇಕು?
— ಓದುಗರು, ದಾವಣಗೆರೆ

ಉತ್ತರ: 1/72 ಅಂದರೆ ನಿಜವಾದ ವಿಮಾನದ ಆರು ಅಡಿಗೆ ಮಾದರಿಯಲ್ಲಿ ಒಂದು ಅಂಗುಲ. ಹರಿಕೇನ್‌ನ ರೆಕ್ಕೆ ತುದಿಯಿಂದ ತುದಿಗೆ 40 ಅಡಿ. 1/72ರಲ್ಲಿ ಅದು ಸುಮಾರು 17 ಸೆಂ.ಮೀ. ಆಗುತ್ತದೆ, 1/48ರಲ್ಲಿ 25 ಸೆಂ.ಮೀ.ಗಿಂತ ತುಸು ಹೆಚ್ಚು. ಶೋಕೇಸಿನಲ್ಲಿ ಜಾಗ ಕಡಿಮೆ ಇದ್ದರೆ, ಮುಂದೆ ಬಾಂಬರ್ ಕಟ್ಟುವ ಆಸೆಯೂ ಇದ್ದರೆ 1/72. ಓದುವ ಕನ್ನಡಕ ಬಂದಿದ್ದರೆ 1/48 ತೆಗೆದುಕೊಳ್ಳಿ. ಕಾಕ್‌ಪಿಟ್ಟಿನ ಭಾಗಗಳಾದರೂ ಕಣ್ಣಿಗೆ ಕಾಣುತ್ತವೆ.

ಸಾಮಾನು ಜಾಸ್ತಿ ಬೇಡ. ಒಂದು ಬದಿ ಚಪ್ಪಟೆ ಇರುವ ಸೈಡ್ ಕಟರ್, 11ನೇ ನಂಬರಿನ ಬ್ಲೇಡ್ ಹಾಕುವ ಹಿಡಿಕೆ ಚಾಕು, ಚೂಪು ಚಿಮುಟ, 400, 800, 1200ರ ವಾಟರ್ ಪೇಪರ್, ಬ್ರಷ್ ಇರುವ ತೆಳು ಪ್ಲಾಸ್ಟಿಕ್ ಅಂಟು, 6 ಮಿ.ಮೀ. ಮಾಸ್ಕಿಂಗ್ ಟೇಪ್, ಅರ್ಧ ಡಜನ್ ಬಟ್ಟೆ ಕ್ಲಿಪ್. ಭಾಗವನ್ನು ಚೌಕಟ್ಟಿನಿಂದ ಒಂದೇ ಏಟಿಗೆ ಬುಡದಲ್ಲಿ ಕತ್ತರಿಸಬೇಡಿ. ಮೊದಲು ಒಂದೆರಡು ಮಿ.ಮೀ. ಮೊಟಕು ಬಿಟ್ಟು ಕತ್ತರಿಸಿ, ಆಮೇಲೆ ಕಟರಿನ ಚಪ್ಪಟೆ ಬದಿಯನ್ನು ಭಾಗದ ಕಡೆಗಿಟ್ಟು ಆ ಮೊಟಕನ್ನು ತೆಗೆಯಿರಿ, ಉಳಿದದ್ದನ್ನು ಉಜ್ಜಿ. ಬುಡಕ್ಕೇ ಕತ್ತರಿಸಿದರೆ ಪ್ಲಾಸ್ಟಿಕ್ ಸೆಳೆತಕ್ಕೆ ಸಿಕ್ಕಿ ಬಿಳಿಚಿಕೊಳ್ಳುತ್ತದೆ, ಒಮ್ಮೊಮ್ಮೆ ಭಾಗದ ಒಳಕ್ಕೇ ಚಕ್ಕೆ ಏಳುತ್ತದೆ.

ಪ್ರಶ್ನೆ: ಫ್ಯೂಸಲೇಜಿನ (ವಿಮಾನದ ಮೈಯ) ಎರಡು ಹೋಳು ಅಂಟಿಸಿ, ಪುಟ್ಟಿ ತುಂಬಿ, ನುಣ್ಣಗೆ ಉಜ್ಜಿದ್ದೆ. ಬಣ್ಣ ಹಾಕುವಾಗ ಗೆರೆ ಕಾಣಲಿಲ್ಲ. ಎರಡು ವಾರದ ಮೇಲೆ ಬೆನ್ನಿನ ಉದ್ದಕ್ಕೂ ಗೆರೆ ಮತ್ತೆ ಎದ್ದಿದೆ. ಏಕೆ?
— ಓದುಗರು, ಹುಬ್ಬಳ್ಳಿ

ಉತ್ತರ: ಅವಸರ. ತೆಳು ಅಂಟು ಫೆವಿಕಾಲ್ ಥರ ಮಧ್ಯೆ ನಿಂತು ಹಿಡಿಯುವಂಥದ್ದಲ್ಲ. ಅದು ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದು ಮಾಡುತ್ತದೆ. ಮೇಲೆ ಗಟ್ಟಿಯಾದಂತೆ ಕಂಡರೂ ಒಳಗೆ ದ್ರಾವಕ ಇನ್ನೂ ಇರುತ್ತದೆ, ಅದು ಹಾರಿಹೋದಂತೆಲ್ಲ ಮೆದುವಾದ ಪ್ಲಾಸ್ಟಿಕ್ ಕುಗ್ಗುತ್ತದೆ. ಕುಗ್ಗುವ ಮೊದಲೇ ಉಜ್ಜಿ ಸಪಾಟು ಮಾಡಿದ್ದರಿಂದ, ಆಮೇಲೆ ಕುಗ್ಗಿದಷ್ಟು ಹಳ್ಳ ಬಿತ್ತು. ಟ್ಯೂಬಿನಲ್ಲಿ ಬರುವ ಪುಟ್ಟಿಯೂ ಹೀಗೇ ಕುಗ್ಗುತ್ತದೆ.

ಹೋಳುಗಳನ್ನು ಕೂದಲೆಳೆ ಸಂದು ಇರುವಂತೆ ಹಿಡಿದು, ಅಂಟಿನ ಬ್ರಷ್ಷನ್ನು ಸಂದಿಗೆ ಮುಟ್ಟಿಸಿದರೆ ಸಾಕು, ಅಂಟು ತಾನೇ ಎಳೆದುಕೊಂಡು ಉದ್ದಕ್ಕೂ ಓಡುತ್ತದೆ. ಹತ್ತು ಸೆಕೆಂಡು ಬಿಟ್ಟು ಎರಡು ಹೋಳನ್ನು ಗಟ್ಟಿಯಾಗಿ ಒತ್ತಿ. ಸಂದಿಯಿಂದ ಕರಗಿದ ಪ್ಲಾಸ್ಟಿಕ್ಕಿನ ಸಣ್ಣ ಏಣು ಉಕ್ಕಬೇಕು. ಅದು ಉಕ್ಕಿದರೆ ಪುಟ್ಟಿಯೇ ಬೇಡ. ಒರೆಸಬೇಡಿ. 48 ಗಂಟೆ ಬಿಟ್ಟು ಉಜ್ಜಿ. ಅಷ್ಟು ಕಾಯಲಾಗದಿದ್ದರೆ ಸಂದನ್ನು ಸೂಪರ್ ಗ್ಲೂನಿಂದ ತುಂಬಿ, ಅದು ಕುಗ್ಗುವುದಿಲ್ಲ. ಆದರೆ ಅದನ್ನು ಒಂದು ಗಂಟೆಯೊಳಗೆ ಉಜ್ಜಿಬಿಡಬೇಕು. ರಾತ್ರಿ ಕಳೆದರೆ ಅಂಟು ಸುತ್ತಲಿನ ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ಕಾಗದ ಪ್ಲಾಸ್ಟಿಕ್ಕನ್ನೇ ತಿಂದು ಅಂಟನ್ನು ದಿಬ್ಬದಂತೆ ಬಿಡುತ್ತದೆ. ಅಂಟಿಗೆ ಸ್ವಲ್ಪ ಟಾಲ್ಕಂ ಪೌಡರ್ ಕಲಸಿದರೆ ಉಜ್ಜಲು ಹದವಾಗಿರುತ್ತದೆ.

ನಿಮ್ಮ ಈಗಿನ ವಿಮಾನಕ್ಕೆ: ಗೆರೆಯ ಜಾಗವನ್ನಷ್ಟೇ 800ರ ನೀರುಕಾಗದದಲ್ಲಿ ಉಜ್ಜಿ, ದಪ್ಪ ಪ್ರೈಮರ್ ಎರಡು ಸಲ ಬ್ರಷ್ಷಿನಲ್ಲಿ ಹಚ್ಚಿ, ಒಣಗಿದ ಮೇಲೆ 1200ರಲ್ಲಿ ಸಮ ಮಾಡಿ. ಮತ್ತೆ ಬಣ್ಣ ಹಾಕುವುದು ತಪ್ಪಿದ್ದಲ್ಲ.

ಪ್ರಶ್ನೆ: ಬರ್ಮಾದಲ್ಲಿ ಹಾರಿದ ಭಾರತೀಯ ವಾಯುಪಡೆಯ ಹರಿಕೇನ್ ಕಟ್ಟಬೇಕು. ಕಿಟ್ಟಿನಲ್ಲಿ ಇಂಗ್ಲೆಂಡಿನ ಬಣ್ಣ, ಕೆಂಪು-ನೀಲಿ ಗುರುತು ಕೊಟ್ಟಿದ್ದಾರೆ. ಏನೇನು ಬದಲಿಸಬೇಕು?
— ಮೈಸೂರು, ಬೆಳಗಾವಿ, ಪುಣೆಯ ಓದುಗರು

ಉತ್ತರ: ಬಣ್ಣದ ಡಬ್ಬಿ ತೆಗೆಯುವ ಮುಂಚೆ ಒಂದು ನಿರ್ದಿಷ್ಟ ವಿಮಾನದ ಫೋಟೊ ಹುಡುಕಿಕೊಳ್ಳಿ. ‘ಬರ್ಮಾದ ಹರಿಕೇನ್’ ಎನ್ನುವುದು ಒಂದು ವಿಮಾನವಲ್ಲ. 1944ರಲ್ಲಿ ಅರ್ಜನ್ ಸಿಂಗ್ ಅವರ ನೇತೃತ್ವದಲ್ಲಿ ಇಂಫಾಲದಲ್ಲಿದ್ದ ಒಂದನೇ ಸ್ಕ್ವಾಡ್ರನ್ನಿನ ಹರಿಕೇನ್ ಎಂದು ಗೊತ್ತುಮಾಡಿಕೊಂಡರೆ ಕೆಲಸ ಅರ್ಧ ಹಗುರ.

ಮೊದಲು ಆಕಾರ. ನಿಮಗೆ ಬೇಕಾದದ್ದು ಮಾರ್ಕ್ 2ಸಿ: ರೆಕ್ಕೆಯಲ್ಲಿ 20 ಮಿ.ಮೀ.ನ ನಾಲ್ಕು ಕ್ಯಾನನ್. ಸ್ಥಳಾನ್ವೇಷಣೆಗೆ ಹೋಗುತ್ತಿದ್ದ ಕೆಲವು ವಿಮಾನಗಳಲ್ಲಿ ತೂಕ ಇಳಿಸಲು ಎರಡನ್ನು ತೆಗೆದಿದ್ದರು. ಅದಕ್ಕೇ ಫೋಟೊ ನೋಡಿ ಎಣಿಸಿ ಅಂದದ್ದು. ಮೂಗಿನ ಕೆಳಗೆ ಗದ್ದದಂತೆ ಜೋತಿರುವ ವೋಕ್ಸ್ ಧೂಳು ಸೋಸುಕ ಬೇಕೇ ಬೇಕು. ಕೆಲವು ಕಿಟ್ಟುಗಳಲ್ಲಿ ಅದು ‘ಬಳಸಬೇಡಿ’ ಎಂದು ಗುರುತು ಹಾಕಿದ ಭಾಗಗಳ ನಡುವೆ ಇರುತ್ತದೆ. ಅದಿಲ್ಲದ ಕಿಟ್ ಆಗಿದ್ದರೆ ಬೇರೆ ಪೆಟ್ಟಿಗೆ ನೋಡಿ; ಪುಟ್ಟಿಯಲ್ಲಿ ಮಾಡಿದ ಗದ್ದ ಪುಟ್ಟಿಯ ಗದ್ದದಂತೆಯೇ ಕಾಣುತ್ತದೆ.

ಬಣ್ಣ: ಮೇಲೆ ಡಾರ್ಕ್ ಅರ್ಥ್ ಮತ್ತು ಡಾರ್ಕ್ ಗ್ರೀನ್, ಕೆಳಗೆ ಮೀಡಿಯಂ ಸೀ ಗ್ರೇ. ಹಂಬ್ರೋಲ್ ಕಂಪನಿಯ ಬಣ್ಣಗಳಲ್ಲಿ ಇವು ಕ್ರಮವಾಗಿ 29, 30, 165. ಮಿಸ್ಟರ್ ಹಾಬಿಯಲ್ಲಿ ಎಚ್72, ಎಚ್73, ಎಚ್335. 1/72ರಲ್ಲಿ ಈ ಕಂದು-ಹಸಿರು ಡಬ್ಬಿಯಿಂದ ಬಂದ ಹಾಗೇ ಹಾಕಿದರೆ ಕಪ್ಪಾಗಿ ಕಾಣುತ್ತವೆ. ಹತ್ತು ಹನಿಗೆ ಒಂದು ಹನಿ ಬಿಳಿ, ಇಲ್ಲವೇ ಹಸಿರಿಗೆ ಒಂದು ಹನಿ ತಿಳಿಹಳದಿ ಬೆರೆಸಿದರೆ ಬರ್ಮಾದ ಬಿಸಿಲಿಗೆ ಮಾಸಿದ ಬಣ್ಣಕ್ಕೆ ಹತ್ತಿರ ಬರುತ್ತದೆ. ಕಿಟ್ಟಿನ ಚಿತ್ರದಲ್ಲಿ ಬಾಲದ ಮುಂದೆ ತಿಳಿ ಹಸಿರು ಪಟ್ಟಿ, ಅದೇ ಬಣ್ಣದ ಸ್ಪಿನ್ನರ್ (ಪ್ರೊಪೆಲ್ಲರಿನ ಮೂತಿ) ಇದ್ದರೆ ಅವನ್ನು ಬಿಡಿ. ಅದು ಇಂಗ್ಲೆಂಡಿನ ಫೈಟರ್ ಕಮಾಂಡಿನ ಗುರುತು.

ಕಂದು-ಹಸಿರು ಸೇರುವ ಅಂಚಿನ ಬಗ್ಗೆ ಎಲ್ಲರೂ ಜಗಳವಾಡುತ್ತಾರೆ. ಲೆಕ್ಕ ಹಾಕಿ ನೋಡಿ: ನಿಜವಾದ ವಿಮಾನದಲ್ಲಿ ಅಂಚು ಒಂದು ಅಂಗುಲ ಮಸುಕಾಗಿತ್ತು ಅಂದುಕೊಂಡರೂ 1/72ರಲ್ಲಿ ಅದು 0.35 ಮಿ.ಮೀ. ಅಂದರೆ ಕಣ್ಣಿಗೆ ಹೆಚ್ಚು ಕಡಿಮೆ ಗೆರೆಯೇ. ಏರ್‌ಬ್ರಷ್ಷಿನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಬರಿಗೈಯಲ್ಲಿ ಬಿಡಿಸಿದ 2 ಮಿ.ಮೀ. ಮಸುಕು ಹೊಗೆ ಹಿಡಿದಂತಿರುತ್ತದೆ. ಬ್ಲೂ ಟ್ಯಾಕನ್ನು (ಮತ್ತೆ ಕಿತ್ತು ತೆಗೆಯಬಹುದಾದ ಅಂಟುಮುದ್ದೆ) 3 ಮಿ.ಮೀ. ದಪ್ಪದ ಶಾವಿಗೆಯಂತೆ ಹೊಸೆದು ವಿನ್ಯಾಸದ ಗೆರೆಯ ಮೇಲೆ ಇಟ್ಟು, ಒಳಗಿನ ಜಾಗಕ್ಕೆ ಟೇಪ್ ಮುಚ್ಚಿ, ಏರ್‌ಬ್ರಷ್ಷನ್ನು ನೇರ ಮೇಲಿನಿಂದ ಹಿಡಿದು ಹೊಡೆಯಿರಿ. ಓರೆಯಾಗಿ ಹೊಡೆದರೆ ಒಂದು ಬದಿ ಬಣ್ಣ ಶಾವಿಗೆಯ ಕೆಳಗೆ ನುಗ್ಗುತ್ತದೆ, ಇನ್ನೊಂದು ಬದಿ ತಲುಪುವುದೇ ಇಲ್ಲ.

ಗುರುತು: ಜಪಾನಿನ ಕೆಂಪು ಸೂರ್ಯನೆಂದು ತಿಳಿದು ತಮ್ಮವರೇ ಗುಂಡು ಹಾರಿಸಬಾರದೆಂದು ಈ ರಂಗದ ವಿಮಾನಗಳಲ್ಲಿ ಕೆಂಪನ್ನು ತೆಗೆದುಹಾಕಿ, ಕಡುನೀಲಿಯ ನಡುವೆ ತಿಳಿನೀಲಿ ಬೊಟ್ಟಿನ ವೃತ್ತ ಬಳಸಿದರು. ಬಾಲದ ಪಟ್ಟಿಯಲ್ಲೂ ಈ ಎರಡೇ ನೀಲಿ. ಬೇರೆಯಾಗಿ ಡೆಕಾಲ್ (ನೀರಿನಲ್ಲಿ ಅದ್ದಿ ಅಂಟಿಸುವ ಗುರುತಿನ ಹಾಳೆ) ಸಿಗದಿದ್ದರೆ ವೃತ್ತವನ್ನು ಬಣ್ಣದಲ್ಲೇ ಮಾಡುವುದು ಕಷ್ಟವಲ್ಲ. ಮಾಸ್ಕಿಂಗ್ ಟೇಪಿನಲ್ಲಿ ಹೊರ ಅಳತೆಯ ಕಿಟಕಿ ಕೊರೆದು ರೆಕ್ಕೆಗೆ ಅಂಟಿಸಿ ಪೂರ್ತಿ ತಿಳಿನೀಲಿ ಹೊಡೆಯಿರಿ. ಒಣಗಿದ ಮೇಲೆ, ಬೆಲ್ಟಿಗೆ ತೂತು ಹೊಡೆಯುವ ಪಂಚಿನಲ್ಲಿ ಟೇಪಿನಿಂದ ಕತ್ತರಿಸಿದ ಬೊಟ್ಟನ್ನು ನಡುವೆ ಅಂಟಿಸಿ, ಮೇಲೆ ಕಡುನೀಲಿ. ಬೊಟ್ಟು ಕಿತ್ತರೆ ವೃತ್ತ ಸಿದ್ಧ. ಆ ಪಂಚಿನ ಚಕ್ರದಲ್ಲಿ 2ರಿಂದ 5 ಮಿ.ಮೀ.ವರೆಗಿನ ತೂತುಗಳಿರುತ್ತವೆ, ಫೋಟೊ ಅಳೆದು ಹತ್ತಿರದ್ದನ್ನು ಆರಿಸಿ.

ಕೊನೆಗೆ, ಪ್ರದರ್ಶನಗಳಲ್ಲಿ ತುಂಬ ಕಾಣುವ ಒಂದು ತಪ್ಪು: ಮೈತುಂಬ ಬೆಳ್ಳಿ ಬಣ್ಣದ ಕೆತ್ತು, ಅಂದರೆ ಬಣ್ಣ ಎದ್ದು ಲೋಹ ಕಂಡಂತೆ ಹಚ್ಚುವ ಚುಕ್ಕೆ. ಹರಿಕೇನ್‌ನ ಕಾಕ್‌ಪಿಟ್ಟಿನ ಹಿಂದಿನ ಮೈ ಲೋಹದ್ದಲ್ಲ, ಮರದ ಪಟ್ಟಿಗಳ ಮೇಲೆ ಬಿಗಿದ ಬಟ್ಟೆ. ಬಾಲ, ರೆಕ್ಕೆಗಳಲ್ಲಿ ಆಡುವ ಭಾಗಗಳಾದ ರಡ್ಡರ್, ಎಲಿವೇಟರ್, ಐಲರಾನ್‌ಗಳೂ ಬಟ್ಟೆ. ಬಟ್ಟೆಯಿಂದ ಬಣ್ಣ ಎದ್ದರೆ ಅಲ್ಯೂಮಿನಿಯಂ ಕಾಣುವುದು ಹೇಗೆ? ಬೆಳ್ಳಿ ಕೆತ್ತು ಇರಬೇಕಾದದ್ದು ಎಂಜಿನ್ ಮುಚ್ಚಳದ ತಿರುಪುಗಳ ಸುತ್ತ, ಕ್ಯಾನನ್ ಮುಚ್ಚಳದ ಅಂಚಿನಲ್ಲಿ, ಪೈಲಟ್ ಹತ್ತಿ ಇಳಿಯುತ್ತಿದ್ದ ಎಡ ರೆಕ್ಕೆಯ ಬುಡದಲ್ಲಿ. ಚಿಕ್ಕ ಸ್ಪಂಜಿನ ಚೂರಿಗೆ ಬಣ್ಣ ಮುಟ್ಟಿಸಿ, ಕಾಗದಕ್ಕೆ ಒತ್ತಿ ಒತ್ತಿ ಮುಕ್ಕಾಲು ಬಣ್ಣ ತೆಗೆದ ಮೇಲೆ ವಿಮಾನಕ್ಕೆ ಮುಟ್ಟಿಸಿ. ಸಾಕು ಅನ್ನಿಸುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಿಸಿ.

ಪ್ರಶ್ನೆ: ಮಳೆಗಾಲ ಶುರುವಾದಾಗಿನಿಂದ ಏರ್‌ಬ್ರಷ್ ನೀರು ಉಗುಳುತ್ತದೆ. ಲ್ಯಾಕರ್ ವಾರ್ನಿಷ್ ಹೊಡೆದರೆ ಬೂದಿ ಹಿಡಿದಂತೆ ಬಿಳಿಯಾಗುತ್ತದೆ. ಅಕ್ರಿಲಿಕ್ ಬಣ್ಣ ಜೇಡನ ಕಾಲಿನಂತೆ ಹರಡುತ್ತದೆ. ಎಲ್ಲವೂ ಒಂದೇ ಕಾರಣವೇ?
— ಓದುಗರು, ಮಂಗಳೂರು

ಉತ್ತರ: ಮೊದಲೆರಡಕ್ಕೆ ಮಳೆ ಕಾರಣ, ಮೂರನೆಯದಕ್ಕೆ ನೀವು.

ಕಂಪ್ರೆಸರ್ ಒತ್ತಿದ ಗಾಳಿ ಬಿಸಿಯಾಗುತ್ತದೆ. ಕೊಳವೆಯಲ್ಲಿ ಸಾಗುತ್ತ ತಣ್ಣಗಾದಾಗ ಅದರಲ್ಲಿದ್ದ ತೇವ ನೀರಾಗುತ್ತದೆ. ಕರಾವಳಿಯ ಜುಲೈನಲ್ಲಿ ಆ ತೇವಕ್ಕೆ ಬರವೇ? ಪ್ರತಿ ಸಲ ಕೆಲಸ ಮುಗಿಸಿ ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿ ನೀರು ಸುರಿಯಿರಿ. ರೆಗ್ಯುಲೇಟರಿನ ಜೊತೆ ಬರುವ ನೀರುಬಲೆ ಕಂಪ್ರೆಸರಿಗೆ ತೀರ ಹತ್ತಿರ ಇರುವುದರಿಂದ ಗಾಳಿ ಅಲ್ಲಿ ಇನ್ನೂ ಬೆಚ್ಚಗಿರುತ್ತದೆ, ನೀರು ಹಿಡಿಯುವುದಿಲ್ಲ. ಕೊಳವೆ 3 ಮೀಟರ್ ಉದ್ದವಿರಲಿ, ಏರ್‌ಬ್ರಷ್ಷಿನ ಹಿಡಿಕೆಯ ಬುಡಕ್ಕೇ ಇನ್ನೊಂದು ಪುಟ್ಟ ನೀರುಬಲೆ ಹಾಕಿ.

ವಾರ್ನಿಷ್ ಬಿಳಿಯಾಗುವುದು ಬೇರೆ ಕಥೆ. ಲ್ಯಾಕರಿನ ದ್ರಾವಕ ಬೇಗ ಆರುವಾಗ ಮೈಯಿಂದ ಶಾಖ ಎಳೆದುಕೊಳ್ಳುತ್ತದೆ, ತಣ್ಣಗಾದ ಮೈ ಮೇಲೆ ಗಾಳಿಯ ತೇವ ಇಬ್ಬನಿಯಂತೆ ಕೂತು ವಾರ್ನಿಷ್ಷಿನೊಳಗೆ ಸಿಕ್ಕಿಬೀಳುತ್ತದೆ. ನಿಧಾನವಾಗಿ ಆರುವ ಲೆವೆಲಿಂಗ್ ಥಿನ್ನರನ್ನು ಬರಿದಾಗಿ ಒಂದು ಮಂಜಿನಷ್ಟು ಹೊಡೆದರೆ ಬಿಳುಪು ಕರಗಿ ಹೋಗುವುದುಂಟು. ಬಿಸಿಲು ಬಂದ ದಿನ ಹೊಡೆದರೆ ಆ ಪಾಡೇ ಇಲ್ಲ. ಬಿಸಿಲೇ ಇಲ್ಲದಿದ್ದರೆ ರಟ್ಟಿನ ಪೆಟ್ಟಿಗೆಯಲ್ಲಿ 40 ವಾಟಿನ ಹಳೇ ಥರದ ಬಲ್ಬು ಹಾಕಿ, ವಿಮಾನವನ್ನು ಹೊಡೆಯುವ ಮೊದಲು ಅರ್ಧ ಗಂಟೆ, ಹೊಡೆದ ಮೇಲೆ ವಾಸನೆ ಆರಲು ಹತ್ತು ನಿಮಿಷ ಬಿಟ್ಟು ಮತ್ತೆ ಒಂದೆರಡು ಗಂಟೆ ಅದರೊಳಗಿಡಿ. ಬಲ್ಬು ರಟ್ಟಿಗೂ ವಿಮಾನಕ್ಕೂ ತಾಗಬಾರದು. ಒಳಗಿನ ಶಾಖ 45 ಡಿಗ್ರಿ ದಾಟದಿರಲಿ, ಬಿಸಿ ಹೆಚ್ಚಾದರೆ ತೆಳು ಗಾಲಿಕಾಲುಗಳು ಬಾಗಬಹುದು.

ಜೇಡನ ಕಾಲು: ಬಣ್ಣ ತೀರ ನೀರು, ಗಾಳಿ ಜೋರು, ಬ್ರಷ್ ಹತ್ತಿರ, ಈ ಮೂರೂ ಸೇರಿದಾಗ. ಟಮಿಯಾ ಅಕ್ರಿಲಿಕ್ಕಿಗೆ ಒಂದು ಪಾಲು ಬಣ್ಣ, ಒಂದೂವರೆ ಪಾಲು ಅದೇ ಕಂಪನಿಯ ಥಿನ್ನರ್, 0.3 ಮಿ.ಮೀ. ನಾಝಲ್, 15 ಪಿಎಸ್‌ಐ ಗಾಳಿಯ ಒತ್ತಡ, 6ರಿಂದ 8 ಸೆಂ.ಮೀ. ದೂರ. ಮೈ ಹಸಿಯಾಗಿ ಹೊಳೆಯಬೇಕು, ಹರಿಯಬಾರದು. ಮರಳು ಹತ್ತಿದಂತೆ ಒರಟಾದರೆ ಅದಕ್ಕೆ ವಿರುದ್ಧ ತಪ್ಪು: ದೂರ ಜಾಸ್ತಿಯಾಗಿ ಬಣ್ಣ ಗಾಳಿಯಲ್ಲೇ ಒಣಗಿ ಬೀಳುತ್ತಿದೆ. ಇನ್ನೊಂದು ಮಾತು, ಟಮಿಯಾಗೆ ಹೊಂದುವ ಆಲ್ಕೋಹಾಲ್ ಥಿನ್ನರನ್ನು ವಲ್ಲೇಹೊ ಬಣ್ಣಕ್ಕೆ ಹಾಕಬೇಡಿ. ಏರ್‌ಬ್ರಷ್ಷಿನ ಬಣ್ಣದ ಬಟ್ಟಲಲ್ಲೇ ಗೋಂದಿನಂತೆ ಗಟ್ಟಿಯಾಗಿ ನಾಝಲ್ ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ಲ್ಯಾಕರ್ ಹೊಡೆಯುವಾಗ ಎನ್95 ಮಾಸ್ಕ್ ಸಾಕೇ?
— ಓದುಗರು, ಕಲಬುರಗಿ

ಉತ್ತರ: ಸಾಲದು. ಅದು ಬಣ್ಣದ ಕಣ ತಡೆಯುತ್ತದೆ, ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ರಬ್ಬರ್ ಮಾಸ್ಕ್ ತೆಗೆದುಕೊಳ್ಳಿ. ಮಾಸ್ಕ್ ಹಾಕಿಕೊಂಡಾಗಲೂ ವಾಸನೆ ಬಂದರೆ ಕಾರ್ಟ್ರಿಡ್ಜ್ ಮುಗಿದಿದೆ, ಇಲ್ಲವೇ ಗಡ್ಡದಿಂದ ಅಂಚು ಕೂರುತ್ತಿಲ್ಲ. ಒಂದೇ ಕೋಣೆಯ ಮನೆಯಾದರೆ, ಚಿಕ್ಕ ಮಕ್ಕಳಿದ್ದರೆ ಲ್ಯಾಕರ್ ಬಿಟ್ಟುಬಿಡಿ.

ಪ್ರಶ್ನೆ: ಡೆಕಾಲ್ ಒಣಗಿದ ಮೇಲೆ ಸುತ್ತಲಿನ ಪಾರದರ್ಶಕ ಭಾಗ ಬೆಳ್ಳಿಯಂತೆ ಮಿಂಚುತ್ತದೆ, ಬಿಳಿ ಕಲೆಯೂ ಉಳಿಯುತ್ತದೆ. ನಮ್ಮಲ್ಲಿ ಬೋರ್‌ವೆಲ್ ನೀರು.
— ಓದುಗರು, ಕೋಲಾರ

ಉತ್ತರ: ಕಲೆ ನೀರಿನದು. ವಾಹನದ ಬ್ಯಾಟರಿಗೆ ಹಾಕಲು ಮಾರುವ ಡಿಸ್ಟಿಲ್ಡ್ ವಾಟರ್ ಬಾಟಲಿ ತನ್ನಿ. ಆಸಿಡ್ ಬಾಟಲಿ ಪಕ್ಕದಲ್ಲೇ ಇಟ್ಟಿರುತ್ತಾರೆ, ಲೇಬಲ್ ನೋಡಿ. ಮಿಂಚಿಗೆ ಕಾರಣ ಡೆಕಾಲಿನ ಅಡಿ ಸಿಕ್ಕಿದ ಗಾಳಿ. ಮ್ಯಾಟ್ ಬಣ್ಣ ಸೂಕ್ಷ್ಮವಾಗಿ ಉಪ್ಪು ಕಾಗದದಂತೆ ಒರಟು, ಡೆಕಾಲ್ ಅದರ ದಿಬ್ಬಗಳ ಮೇಲಷ್ಟೇ ಕೂರುತ್ತದೆ. ಅದಕ್ಕೆ ಮೊದಲು ಗ್ಲಾಸ್ (ಹೊಳಪಿನ) ವಾರ್ನಿಷ್ ಹೊಡೆದು ಒಂದು ದಿನ ಬಿಡಿ. ಡೆಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ 15 ಸೆಕೆಂಡು ಅದ್ದಿ ಹೊರಗಿಡಿ, ಒಂದು ನಿಮಿಷದಲ್ಲಿ ತಾನೇ ಜಾರುತ್ತದೆ. ಜಾಗಕ್ಕೆ ಮೈಕ್ರೋ ಸೆಟ್ (ಡೆಕಾಲ್ ಅಂಟಲು ನೆರವಾಗುವ ದ್ರವ) ಹಚ್ಚಿ ಕೂರಿಸಿ, ಒದ್ದೆ ಬ್ರಷ್ಷಿನಲ್ಲಿ ನಡುವಿನಿಂದ ಅಂಚಿಗೆ ನೀರು ಒತ್ತಿ ತೆಗೆಯಿರಿ, ಆಮೇಲೆ ಮೇಲೆ ಮೈಕ್ರೋ ಸಾಲ್ (ಡೆಕಾಲನ್ನು ಮೆದು ಮಾಡುವ ದ್ರವ). ಸಾಲ್ ಹಾಕಿದ ಮೇಲೆ ಡೆಕಾಲ್ ಸುಕ್ಕುಗಟ್ಟಿ ಗಾಬರಿ ಹುಟ್ಟಿಸುತ್ತದೆ. ಕೈ ಹಚ್ಚಬೇಡಿ, ಒಣಗುತ್ತ ಅದೇ ಸಪಾಟಾಗುತ್ತದೆ. ಆಗ ಮುಟ್ಟಿದರೆ ಹರಿಯುವುದು ಖಂಡಿತ. ಈಗಾಗಲೇ ಮಿಂಚಿರುವ ಡೆಕಾಲಿಗೆ ಹೊಸ ಬ್ಲೇಡಿನ ತುದಿಯಿಂದ ಹತ್ತಾರು ಚುಚ್ಚು ಕೊಟ್ಟು, ಸಾಲ್ ಹಚ್ಚಿ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ.

ಪ್ರಶ್ನೆ: 1/72ರ ಬಿ-24 ಲಿಬರೇಟರ್ ಬಾಂಬರ್ ಕಟ್ಟುತ್ತಿದ್ದೇನೆ, ಎಚ್‌ಎಎಲ್ ದುರಸ್ತಿ ಮಾಡಿದ ಭಾರತೀಯ ವಿಮಾನವಾಗಿ. ಬಾಲದ ಮೇಲೆ ಕೂರದಂತೆ ಮೂಗಿಗೆ ಎಷ್ಟು ತೂಕ ಹಾಕಬೇಕು?
— ಓದುಗರು, ಬೆಂಗಳೂರು

ಉತ್ತರ: ಒಳ್ಳೆಯ ಆಯ್ಕೆ. ಯುದ್ಧ ಮುಗಿದಾಗ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಮತ್ತೆ ಹಾರುವಂತೆ ಮಾಡಿತು. 1948ರಲ್ಲಿ 5ನೇ ಸ್ಕ್ವಾಡ್ರನ್ ಅವುಗಳಿಂದಲೇ ಶುರುವಾಯಿತು, 1968ರವರೆಗೆ ಅವು ಸೇವೆಯಲ್ಲಿದ್ದವು. ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಮ್ಮಿನಲ್ಲಿರುವ ಲಿಬರೇಟರ್ ಕೂಡ ಭಾರತೀಯ ವಾಯುಪಡೆಯಿಂದ ಹೋದದ್ದೇ, ಅದರ ಫೋಟೊಗಳು ನಿಮಗೆ ಉಪಯೋಗವಾಗುತ್ತವೆ.

ತೂಕಕ್ಕೆ ಗ್ರಾಂ ಲೆಕ್ಕ ಕೇಳಬೇಡಿ, ವಿಮಾನವನ್ನೇ ತೂಗಿ. ಫ್ಯೂಸಲೇಜ್, ರೆಕ್ಕೆ, ಬಾಲ, ಎಂಜಿನ್, ಗನ್ ಗೋಪುರ ಎಲ್ಲವನ್ನೂ ಟೇಪಿನಲ್ಲಿ ಜೋಡಿಸಿ. ಹಿಂದಿನ ಎರಡು ಗಾಲಿ ನೆಲ ಮುಟ್ಟುವ ಗೆರೆಯ ಅಡಿಗೆ ಒಂದು ಪೆನ್ಸಿಲ್ ಅಡ್ಡ ಇಟ್ಟು ವಿಮಾನವನ್ನು ಅದರ ಮೇಲೆ ತೂಗಾಡಿಸಿ, ಮೂಗಿನ ಮೇಲೆ ಒಂದೊಂದಾಗಿ ಗಾಳದ ಸೀಸದ ಗುಂಡು ಇಡುತ್ತ ಹೋಗಿ. ಮೂಗು ಕೆಳಗೆ ವಾಲಿದಷ್ಟು ತೂಕ, ಅದರ ಮೇಲೆ ಐದನೇ ಒಂದು ಪಾಲು ಹೆಚ್ಚು. ಬಣ್ಣ, ವಾರ್ನಿಷ್ಷೆಲ್ಲ ಬಾಲದ ಕಡೆಗೂ ತೂಕ ಸೇರಿಸುತ್ತವೆ. ಇದು ತಕ್ಕಡಿಯ ಲೆಕ್ಕ, ಗಾಲಿಯಿಂದ ಎಷ್ಟು ಮುಂದೆ ಇಟ್ಟರೆ ಅಷ್ಟು ಕಡಿಮೆ ಸೀಸ ಸಾಕು. ಆದರೆ ಲಿಬರೇಟರಿನ ಮೂಗು ಪೂರ್ತಿ ಗಾಜು. ಜಾಗ ಸಿಗುವುದು ಕಾಕ್‌ಪಿಟ್ಟಿನ ನೆಲದ ಅಡಿ, ಮುಂದಿನ ಗಾಲಿಯ ಗೂಡಿನ ಅಕ್ಕಪಕ್ಕ. ಮಿಕ್ಕದ್ದು ನಾಲ್ಕು ಎಂಜಿನ್ ಗೂಡುಗಳೊಳಗೆ.

ಸೀಸವನ್ನು ಬಿಳಿ ಅಂಟಿನಲ್ಲಿ ಕೂರಿಸಬೇಡಿ. ಅಂಟಿನಿಂದ ಬಿಡುಗಡೆಯಾಗುವ ಅಸಿಟಿಕ್ ಆಮ್ಲ ಸೀಸವನ್ನು ನಿಧಾನವಾಗಿ ಬಿಳಿ ಪುಡಿ ಮಾಡುತ್ತದೆ, ಪುಡಿ ಉಬ್ಬುತ್ತದೆ, ಕೆಲವು ವರ್ಷಗಳಲ್ಲಿ ಫ್ಯೂಸಲೇಜ್ ಒಳಗಿನಿಂದಲೇ ಬಿರಿಯುತ್ತದೆ. ಎಪಾಕ್ಸಿ ಹಾಕಿ. ಸೀಸ ಮುಟ್ಟಿದ ಕೈ ತೊಳೆಯಿರಿ. ಇಷ್ಟೆಲ್ಲ ಮಾಡಿಯೂ ಕೂರದಿದ್ದರೆ ಬಾಲದ ಅಡಿಗೆ ತೆಳು ಕಂಬ ನಿಲ್ಲಿಸಿ. ನಿಜವಾದ ಲಿಬರೇಟರಿಗೂ ನೆಲದ ಮೇಲಿದ್ದಾಗ ಹಾಗೆ ಊರೆಗೋಲು ಕೊಡುತ್ತಿದ್ದರು, ಯಾರೂ ತಪ್ಪು ಹಿಡಿಯಲಾರರು.

ಬರಿ ಲೋಹದ ಬಣ್ಣಕ್ಕೆ: ಮೈಯನ್ನು 1500ರವರೆಗೆ ಉಜ್ಜಿ, ಹೊಳೆಯುವ ಕಪ್ಪು ಹೊಡೆದು ಎರಡು ದಿನ ಬಿಟ್ಟು, ಮೇಲೆ ಅಲ್ಯೂಮಿನಿಯಂ ಲ್ಯಾಕರನ್ನು ತೀರ ತೆಳುವಾಗಿ ಹೊಡೆಯಿರಿ. ಲೋಹದ ಬಣ್ಣ ಏನನ್ನೂ ಮುಚ್ಚುವುದಿಲ್ಲ, 600ರ ಕಾಗದ ಬಿಟ್ಟ ಗೀರು ಕೂಡ ಎದ್ದು ಕಾಣುತ್ತದೆ. ವಾಯುಪಡೆಯ ತ್ರಿವರ್ಣ ವೃತ್ತದಲ್ಲಿ ಹಸಿರು ಹೊರಗೆ, ಕೇಸರಿ ನಡುವೆ. ತಿರುಗಾಮುರುಗಾ ಮಾಡಿದ ಮಾದರಿಗಳು ಕಡಿಮೆಯೇನಿಲ್ಲ.

ಪ್ರಶ್ನೆ: ಕ್ಯಾನಪಿ (ಕಾಕ್‌ಪಿಟ್ಟಿನ ಮೇಲಿನ ಪಾರದರ್ಶಕ ಮುಚ್ಚಳ) ಅಂಟಿಸಿದ ಮರುದಿನ ಒಳಗಡೆ ಹೊಗೆಯಂತೆ ಮಬ್ಬಾಗಿದೆ.
— ಓದುಗರು, ಶಿರಸಿ

ಉತ್ತರ: ಸೂಪರ್ ಗ್ಲೂನ ಆವಿ. ಕ್ಯಾನಪಿಗೆ ಫೆವಿಕಾಲಿನಂಥ ಬಿಳಿ ಅಂಟೇ ಸರಿ, ಹಲ್ಲುಕಡ್ಡಿಯ ತುದಿಯಲ್ಲಿ. ಹೆಚ್ಚಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಮಬ್ಬಾದ ಕ್ಯಾನಪಿಯನ್ನು ಬ್ಲೇಡಿನಿಂದ ಹುಷಾರಾಗಿ ಎಬ್ಬಿಸಿ, ಒಳಗೆ ಟೂತ್‌ಪೇಸ್ಟಿನಲ್ಲಿ ಉಜ್ಜಿ ತೊಳೆದು, ಪಾರದರ್ಶಕ ಗ್ಲಾಸ್ ವಾರ್ನಿಷ್ಷಿನಲ್ಲಿ ಅದ್ದಿ ಟಿಶ್ಯೂ ಮೇಲೆ ಒಣಗಿಸಿ. ಚೌಕಟ್ಟಿಗೆ ಬಣ್ಣ ಹಾಕುವಾಗ ಟೇಪ್ ಅಂಟಿಸಿ, ಹಲ್ಲುಕಡ್ಡಿಯಿಂದ ಅಂಚುಗಳಿಗೆ ಒತ್ತಿದರೆ ಗೆರೆ ಕಾಣುತ್ತದೆ, ಹೊಸ ಬ್ಲೇಡಿನಲ್ಲಿ ಭಾರ ಹಾಕದೆ ಕೊರೆಯಿರಿ. ಮೊದಲು ಒಳಗಿನ ಹಸಿರು, ಅದರ ಮೇಲೆ ಹೊರಗಿನ ಬಣ್ಣ. ಗಾಜಿನ ಮೂಲಕ ಒಳಗಿನಿಂದ ನೋಡಿದಾಗ ಚೌಕಟ್ಟು ಹಸಿರಾಗಿಯೇ ಕಾಣುತ್ತದೆ.

ಪ್ರಶ್ನೆ: ಜಪಾನಿ ಕಿ-43 ಹಯಬುಸಾ ಫೈಟರಿನ ಮೇಲೆ ಬಣ್ಣ ಹಾಳೆ ಹಾಳೆಯಾಗಿ ಎದ್ದಂತೆ ಮಾಡುವುದು ಹೇಗೆ?
— ಓದುಗರು, ಸಿಂಗಪುರ

ಉತ್ತರ: ಬೆಳ್ಳಿ ಲ್ಯಾಕರ್ ಹೊಡೆದು ಒಂದು ದಿನ ಬಿಡಿ. ಅಗ್ಗದ ಹೇರ್‌ಸ್ಪ್ರೇ ಎರಡು ತೆಳು ಪದರ, 15 ನಿಮಿಷ ಒಣಗಲಿ. ಮೇಲೆ ಹಸಿರು ಅಕ್ರಿಲಿಕ್; ಲ್ಯಾಕರ್ ಥಿನ್ನರ್ ಬೆರೆಸಿದ ಬಣ್ಣವಾದರೆ ಹೇರ್‌ಸ್ಪ್ರೇಯನ್ನೇ ಕೊರೆದುಕೊಂಡು ಬೆಳ್ಳಿಗೆ ಕಚ್ಚುತ್ತದೆ, ಮತ್ತೆ ಏಳುವುದಿಲ್ಲ. ಒಂದು ಗಂಟೆಯೊಳಗೆ ಬ್ರಷ್ಷಿನಲ್ಲಿ ನೀರು ಹಚ್ಚಿ, ಅರ್ಧ ನಿಮಿಷ ಕಾದು, ರೋಮ ಮೊಟಕು ಮಾಡಿದ ಹಳೇ ಬ್ರಷ್ಷಿನಿಂದ ತಟ್ಟಿ. ರೆಕ್ಕೆಯ ಮುಂಅಂಚು, ಕಾಕ್‌ಪಿಟ್ಟಿನ ಪಕ್ಕ, ಮೆಕ್ಯಾನಿಕ್‌ಗಳು ಓಡಾಡುವ ರೆಕ್ಕೆಬುಡ, ಅಲ್ಲಿಂದ ಶುರುಮಾಡಿ. ಜಪಾನಿ ನೌಕಾದಳದ ಝೀರೋ ಫೈಟರಿಗೆ ಇದೇ ಉಪಾಯ ಮಾಡಬೇಡಿ. ಸೇನೆಯ ಹಯಬುಸಾಗಳಿಗೆ ರಣರಂಗದಲ್ಲಿ ಬರಿ ಲೋಹದ ಮೇಲೆ ಪ್ರೈಮರ್ ಇಲ್ಲದೆ ಹಸಿರು ಬಳಿದಿದ್ದರಿಂದ ಹಾಗೆ ಕಿತ್ತುಬರುತ್ತಿತ್ತು. ಝೀರೋಗೆ ಕಾರ್ಖಾನೆಯಲ್ಲೇ ಪ್ರೈಮರ್ ಹಾಕಿ ಬಣ್ಣ ಹಚ್ಚುತ್ತಿದ್ದರು, ಅದರ ಬಣ್ಣ ಮಾಸುತ್ತಿತ್ತೇ ಹೊರತು ಹೀಗೆ ಹಾಳೆಯಾಗಿ ಏಳುತ್ತಿರಲಿಲ್ಲ.